ಕಾಸೀಮಸಾಬರ ಒಂದು ಪೇಪರ್ ಬಾಕಿ

ನೆಲಕ್ಕೆ ಹಾಸಿದ ಹಳೆಯ ಪತ್ರಿಕೆಯನ್ನು ಓದುವ ಚಟವೊಂದು ಪೇಂಟರ್ ಕಾಸೀಮಸಾಬರಿಗೆ ಇಲ್ಲದೆ ಹೋಗಿದ್ದರೆ ಅವರ ಮರ್ಯಾದೆ ಇನ್ನೂ ಹತ್ತಾರು ವರ್ಷ ಸುಖವಾಗಿ ಬಾಳುತ್ತಿತ್ತು. ರಾಣೆಬೆನ್ನೂರಿನ ಮೇಡ್ಲೇರಿ ರಸ್ತೆಯ ಮನೆಯ ಪಡಸಾಲೆಯಲ್ಲಿ ಬೋರ್ಡು ಬರೆಯಲು ಕೂತರೆ, ನೆಲಕ್ಕೆ ಬಣ್ಣ ತೊಟ್ಟಿಕ್ಕದಿರಲಿ ಎಂದು ಕೆಳಗೆ ಪೇಪರು ಹಾಸುತ್ತಿದ್ದರು. ಹಾಸಿದ ಮೇಲೆ ಕೈ ಬೋರ್ಡಿನ ಮೇಲೆ, ಕಣ್ಣು ಪೇಪರಿನ ಮೇಲೆ. ಹಾಗೆ ಓದುತ್ತಿದ್ದಾಗ, ಹಸಿರು ಬಣ್ಣದ ಹನಿಯೊಂದರ ಪಕ್ಕದಲ್ಲಿ ಆ ಪ್ರಕಟಣೆ ಕಣ್ಣಿಗೆ ಬಿತ್ತು: ಡ್ರಾಯಿಂಗ್ ಮಾಸ್ತರ ಡಿಪ್ಲೊಮಾದಲ್ಲಿ ವಿಷಯ ಬಾಕಿ ಉಳಿಸಿಕೊಂಡವರಿಗೆ, ಎಷ್ಟೇ ವರ್ಷ ಹಳಬರಾಗಿರಲಿ, ಪಾಸು ಮಾಡಿಕೊಳ್ಳಲು ಕೊನೆಯ ಅವಕಾಶ.

ಕಾಸೀಮಸಾಬರಿಗೆ ಒಂದು ಪೇಪರ್ ಬಾಕಿ ಇತ್ತು. ಕಲಾ ಇತಿಹಾಸ. ಬಾಕಿ ಉಳಿದು ಮೂವತ್ತೈದು ವರ್ಷವಾಗಿತ್ತು.

ಇದು ಜಗತ್ತಿನಲ್ಲಿ ಅವರೊಬ್ಬರಿಗೇ ಗೊತ್ತಿದ್ದ ಸಂಗತಿ. ಹೆಂಡತಿ ಆಯಿಶಾಗೆ, ಮಗಳು ಸಾಜಿಯಾಗೆ, ಓಣಿಯ ಹಿರಿಕಿರಿಯರಿಗೆ ಅವರು ಹೇಳಿಕೊಂಡು ಬಂದದ್ದು ಬೇರೆ ಕತೆ. ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬಂತು, ಸರಕಾರಿ ಶಾಲೆಯ ನೌಕರಿ ಬಾಗಿಲಿಗೆ ಬಂತು, ‘ಬ್ರಶ್ ಹಿಡಿಯೋ ಕೈಲೆ ಹಾಜರಿ ಪುಸ್ತಕಕ್ಕ ಸಹಿ ಮಾಡಂಗಿಲ್ಲ’ ಎಂದು ತಾವೇ ಬಿಟ್ಟರು. ಮಗಳು ಮಲಗದೆ ಹಟ ಮಾಡಿದ ರಾತ್ರಿಗಳಲ್ಲಿ ರಾಜಕುಮಾರಿಯ ಕತೆಗೆ ಬದಲು ಇದನ್ನೇ ಹೇಳಿದ್ದರು. ಹೇಳಿ ಹೇಳಿ ಕತೆಗೆ ಒಬ್ಬ ಇನ್ಸ್‌ಪೆಕ್ಟರೂ, ಅವನು ಬಂದ ಜೀಪೂ ಸೇರಿಕೊಂಡಿದ್ದವು. ಸಾಜಿಯಾ ಈಗ ಹಾವೇರಿಯ ಖಾಸಗಿ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಭಾನುವಾರವೂ ಏನೋ ಕ್ಲಾಸು ಎಂದು ಹೋಗುತ್ತಿದ್ದಳು. ಏನು ಕ್ಲಾಸು ಎಂದು ಕಾಸೀಮಸಾಬರು ಕೇಳಿರಲಿಲ್ಲ; ಕಲಿಕೆಯ ಮಾತು ಹೆಚ್ಚು ಬೆಳೆದಷ್ಟೂ ಜೀಪಿನ ಮಾತೂ ಬರುತ್ತದೆಂಬ ಅಂಜಿಕೆ ಅವರಿಗೆ.

ಆ ಸುಳ್ಳನ್ನು ಸದ್ದಿಲ್ಲದೆ ಸತ್ಯ ಮಾಡಿಬಿಡುವ ಅವಕಾಶ ಈಗ ಕಾಲಬುಡದಲ್ಲಿ ಹಾಸಿಕೊಂಡು ಬಿದ್ದಿತ್ತು. ಕಾಸೀಮಸಾಬರು ಮರುದಿನವೇ ಪರೀಕ್ಷಾ ಫೀ ತುಂಬಿ ಬಂದರು. ಪರೀಕ್ಷೆಗೆ ಮೂರು ವಾರ ಉಳಿದಿತ್ತು. ಒಂದು ಪುಸ್ತಕ ತಂದು ಟ್ರಂಕಿನ ಹಿಂದೆ ಅಡಗಿಸಿಟ್ಟು ಓದಿದರು. ಇಟಲಿಯ ಚಿತ್ರಕಾರರ ಹೆಸರುಗಳು ಬೆಳಿಗ್ಗೆ ಒಳಗೆ ಹೋಗಿ ಮಧ್ಯಾಹ್ನದ ನಿದ್ದೆಯಲ್ಲಿ ಹೊರಗೆ ಬರುತ್ತಿದ್ದವು. ಹೇಳಿಕೊಡುವವರು ಒಬ್ಬರು ಬೇಕೇ ಬೇಕು ಎಂದು ತೀರ್ಮಾನಿಸಿ, ಆ ಭಾನುವಾರ ಸಾಜಿಯಾ ಬಸ್ಸು ಹತ್ತಿದ ಅರ್ಧ ಗಂಟೆಗೆ, ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ಹಾಕಿಕೊಂಡು ಹೊರಬಿದ್ದರು.

“ಎಲ್ಲಿಗಿ ಹೊಂಟೀರಿ ಹಿಂಗ ಮದುಮಗನ ಗತೆ?” ಎಂದಳು ಆಯಿಶಾ.

“ಒಂದು ಗ್ವಾಡಿ ನೋಡಿ ಬರ್ತೇನಿ. ದೊಡ್ಡ ಕೆಲಸ ಐತಿ,” ಎಂದರು. ಗೋಡೆ ನೋಡಲು ಬಿಳಿ ಜುಬ್ಬಾ ಹಾಕಿಕೊಂಡು ಹೋಗುವ ಪೇಂಟರನ್ನು ಆಯಿಶಾ ಅಂದೇ ನೋಡಿದ್ದು.

ಮೊದಲು ಹೋದದ್ದು ಸ್ಟೇಶನ್ ರಸ್ತೆಯ ರಫೀಕನ ಬಳಿ. ಅವನದು ‘ಎಲ್ಲಾ ವಿಷಯಗಳ’ ಟ್ಯೂಶನ್ ಕೇಂದ್ರ. ಕುಂದ್ರಿ ಅಂದ, ಚಹಾ ತರಿಸಿದ, ಮನೆಯವರ ಆರೋಗ್ಯ ಕೇಳಿದ. ನಮ್ಮ ಕಡೆ ಬಂದ ಕೆಲಸವನ್ನು ಬಂದ ಕೂಡಲೆ ಹೇಳುವುದು ಒರಟುತನ. ಚಹಾ ಮುಗಿದು, ಬಸಿಯೂ ಒಣಗಿದ ಮೇಲೆ ಕಾಸೀಮಸಾಬರು ಮೆಲ್ಲಗೆ, “ಕಲಾ ಇತಿಹಾಸ ಹೇಳಿಕೊಡೋರು ಯಾರರ ಅದಾರೇನಪಾ?” ಎಂದರು.

“ನಮ್ಮಲ್ಲೇ ಐತೆಲ್ರಿ ಚಾಚಾ. ಕಲಾ ವಿಭಾಗಾನೂ ಐತಿ, ಇತಿಹಾಸಾನೂ ಐತಿ. ಎರಡೂ ಕೂಡಿಸಿ ಹೇಳಿದ್ರ ಆತು. ಯಾರಿಗಿ ಬೇಕಾಗೇತಿ?”

‘ನನಗ’ ಎಂಬ ಮಾತು ಕಾಸೀಮಸಾಬರ ಗಂಟಲಿನವರೆಗೆ ಬಂತು. ಎದುರಿನ ಗೋಡೆಯ ಮೇಲೆ ರಫೀಕನ ಹಳೆಯ ಬೋರ್ಡು ಇತ್ತು, ಬರೆದವರು ಅವರೇ. ಮೂಲೆಯಲ್ಲಿ ಚಿಕ್ಕದಾಗಿ, ‘ಕಾಸೀಮ್ ಆರ್ಟ್ಸ್’ ಎಂಬ ಸಹಿ. ಅದನ್ನು ನೋಡುತ್ತ ಮಾತು ವಾಪಸು ಇಳಿಯಿತು.

“ಮಗಳಿಗೆ,” ಎಂದರು.

“ಸಾಜಿಯಾಗ? ಫೇಲ್ ಆಗ್ಯಾಳನ್ರಿ?”

“ಒಂದು... ಒಂದ ಸಲ.”

ರಫೀಕನ ಮುಖ ಕರಗಿಹೋಯಿತು. ಒಳ್ಳೆಯವನು. ಒಳ್ಳೆಯವರಿಂದ ಆಗುವಷ್ಟು ಅನಾಹುತ ಕೆಟ್ಟವರಿಂದ ಆಗುವುದಿಲ್ಲ. “ನೀವು ಚಿಂತಿ ಮಾಡಬ್ಯಾಡ್ರಿ ಚಾಚಾ. ಬ್ಯಾಡಗಿಯೊಳಗ ನಾಗಪ್ಪ ಮಾಸ್ತರ ಅದಾರ, ಇತಿಹಾಸದಾಗ ಹುಲಿ. ಫೋನ್ ಮಾಡಿ ಹೇಳ್ತೇನಿ. ನಮ್ಮ ಶಿಕ್ಷಕರ ವಾಟ್ಸಾಪ್ ಗ್ರೂಪಿನಾಗೂ ಹಾಕ್ತೇನಿ, ಐನೂರು ಮಂದಿ ಅದಾರ. ಯಾರರ ಒಬ್ರು ಸಿಗತಾರ.”

“ಗ್ರೂಪಿನಾಗ ಯಾಕ ಬಿಡೋ.”

“ಅದರಾಗೇನು ನಾಚಿಕಿ? ಫೇಲ್ ಆಗೋದು ಗುನ್ಹೆ ಅಲ್ಲ,” ಎಂದ ರಫೀಕ, ಆಗಲೇ ಮೊಬೈಲು ಒತ್ತುತ್ತ.

ಬ್ಯಾಡಗಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಸುಳ್ಳಿನ ಕಸಿವಿಸಿ ಸ್ವಲ್ಪ ಹೊತ್ತು ಕಾಡಿತು. ಆಮೇಲೆ ರಸ್ತೆಯ ಗೋಡೆಗಳು ಬಂದವು. ಈ ದಾರಿಯ ಗೋಡೆಗಳೆಲ್ಲ ಒಂದು ಕಾಲಕ್ಕೆ ಕಾಸೀಮಸಾಬರವು. ಹತ್ತಿ ಬೀಜದ ಜಾಹೀರಾತು, ಟೊಮೆಟೊ ಬೀಜದ ಜಾಹೀರಾತು, ಗೊಬ್ಬರದ ಚೀಲ ಹೊತ್ತ ನಗುಮುಖದ ರೈತ. ಆ ರೈತನಿಗೆ ಅವರು ತಮ್ಮ ಮಾವನ ಮೀಸೆ ಬರೆದಿದ್ದರು, ಮಾವ ಅದನ್ನು ಕಂಡು ಮೂರು ತಿಂಗಳು ಮಾತು ಬಿಟ್ಟಿದ್ದ. ಏಣಿ ಕಟ್ಟಿದ ಸೈಕಲ್ಲು, ಸುಣ್ಣದ ವಾಸನೆ, ಎಳೆ ಬಿಸಿಲು, ಹೊಲದವರು ಕರೆದು ಕೊಡುತ್ತಿದ್ದ ರೊಟ್ಟಿ ಮತ್ತು ಶೇಂಗಾ ಚಟ್ನಿ. ಈಗ ಎಲ್ಲ ಕಡೆ ಫ್ಲೆಕ್ಸು. ನಡುನಡುವೆ ಎಲ್ಲೋ ಒಂದು ಗೋಡೆಯಲ್ಲಿ ಮಾಸಿದ ‘ಬೀಜ’ ಎಂಬ ಎರಡಕ್ಷರ ಮಾತ್ರ ಕಂಡರೆ ಅದು ಮರೆಯಾಗುವವರೆಗೆ ಕುತ್ತಿಗೆ ತಿರುಗಿಸಿ ನೋಡುತ್ತಿದ್ದರು. ಆ ದಿನಗಳು ಬಹಳ ಚೆನ್ನಾಗಿದ್ದವು, ಆಗ ಅದು ಗೊತ್ತಿರಲಿಲ್ಲ.

ಬ್ಯಾಡಗಿಯಲ್ಲಿ ಇಳಿದ ಕೂಡಲೆ ಮೆಣಸಿನಕಾಯಿಯ ಘಾಟಿಗೆ ಏಳು ಸೀನು ಬಂದವು. ಎಂಟನೆಯದರೊಂದಿಗೆ ನಾಗಪ್ಪ ಮಾಸ್ತರರ ಬಾಗಿಲು ತಟ್ಟಿದರು. ಮಾಸ್ತರರು ನಿವೃತ್ತರು, ಪಾಠ ಮಾಡಲು ಹಸಿದು ಕೂತವರು. ಅವರ ಹೆಂಡತಿ ಸೋಮವ್ವ ನೀರು, ಬೆಲ್ಲ ತಂದಿಟ್ಟು ಬಾಗಿಲ ಹತ್ತಿರವೇ ಕೂತರು.

“ರಫೀಕ ಎಲ್ಲಾ ಹೇಳ್ಯಾನ. ಎರಡು ಸಲ ಫೇಲ್ ಆಗ್ಯಾಳಂತ,” ಎಂದರು ಮಾಸ್ತರರು.

ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಬರುವಷ್ಟರಲ್ಲಿ ಸಾಜಿಯಾ ಇನ್ನೊಮ್ಮೆ ಫೇಲಾಗಿದ್ದಳು. ತಿದ್ದಲು ಬಾಯಿ ತೆರೆದರೆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂದು ಕಾಸೀಮಸಾಬರು ಬೆಲ್ಲ ಬಾಯಿಗೆ ಹಾಕಿಕೊಂಡರು.

“ನೀವು ಕುಂತು ಕೇಳ್ರಿ, ಹೋಗಿ ಮಗಳಿಗೆ ಹೇಳ್ರಿ. ಮೊದಲು ಬಾದಾಮಿ ಚಾಲುಕ್ಯರ ವಂಶಾವಳಿ,” ಎಂದು ಮಾಸ್ತರರು ಶುರು ಮಾಡಿದರು. ಒಂದು ಗಂಟೆ ಹೊಡೆದಾಟ ನಡೆಯಿತು. ರಾಜರು ಬಂದರು, ಸತ್ತರು, ಅವರ ತಮ್ಮಂದಿರು ಬಂದರು.

“ಮಾಸ್ತರ, ಅಜಂತಾದ್ದು ಏನರ...” ಎಂದು ಕಾಸೀಮಸಾಬರು ನಡುವೆ ಬಾಯಿ ಹಾಕಿದರು.

“ಅಲ್ಲೇನು ಯುದ್ಧ ಆಗಿಲ್ಲ,” ಎಂದು ಮಾಸ್ತರರು ಮುಂದಿನ ರಾಜನಿಗೆ ಪಟ್ಟ ಕಟ್ಟಿದರು.

ಸೋಮವ್ವನಿಗೆ ಮಾತ್ರ ಹುಡುಗಿಯದೇ ಚಿಂತೆ. “ಪೂರಾ ಹೆಸರು ಏನ್ರಿ ಅಕೀದು? ಕದರಮಂಡಲಗಿ ಹನುಮಪ್ಪಗ ಅಕಿ ಹೆಸರಿಲೆ ಒಂದು ಕಾಯಿ ಒಡಸ್ತೇನಿ. ನನ್ನ ತಂಗಿ ಮಗ ಏಳು ಸಲ ಫೇಲ್ ಆಗಿದ್ದ, ಈಗ ಪಂಚಾಯತಿಯೊಳಗ ಅದಾನ.” ಕಾಸೀಮಸಾಬರು ಹೆಸರು ಹೇಳಿದರು. ತಮ್ಮ ಹೆಸರಿನಲ್ಲಿ ಒಡೆಯಬೇಕಾದ ಕಾಯಿ ಮಗಳ ಹೆಸರಿನಲ್ಲಿ ಒಡೆಯುತ್ತಿದೆಯಲ್ಲ ಎಂದು ಒಳಗೇ ನಾಚಿದರು. ಸೋಮವ್ವ ತಕ್ಷಣ ತಂಗಿಗೆ ಫೋನು ಮಾಡಿದರು, ತಂಗಿ ಹಾವೇರಿಯ ನಾದಿನಿಗೆ ಮಾಡಿದಳು.

ಕೊನೆಗೆ ಮಾಸ್ತರರೇ ಒಪ್ಪಿಕೊಂಡರು. “ಚಿತ್ರ, ಮೂರ್ತಿ ನನ್ನ ಕೈಯಾಗ ಬರೂದಿಲ್ಲ. ಹಾವೇರಿಯೊಳಗ ಸುನೀಲಕುಮಾರಂದು ಡ್ರಾಯಿಂಗ್ ಸಾಮಾನಿನ ಅಂಗಡಿ ಐತಿ. ಆರ್ಟ್ ಕಲಿಯೋ ಹುಡುಗ್ರೆಲ್ಲಾ ಅಲ್ಲಿಗೇ ಬರ್ತಾರ. ಅವನ್ನ ಕೇಳ್ರಿ.”

ಹಾವೇರಿ ಅಂದರೆ ಮಗಳ ಊರು. ಕಾಸೀಮಸಾಬರು ಟೋಪಿಯನ್ನು ಹುಬ್ಬಿನವರೆಗೆ ಇಳಿಸಿ ಬಸ್ಸಿನಿಂದ ಇಳಿದರು. ಇಳಿದು ಸಿದ್ಧೇಶ್ವರ ಗುಡಿಯ ಕಡೆ ಕಾಲು ತಾನೇ ತಿರುಗಿತು. ಡಿಪ್ಲೊಮಾ ಓದುವ ಕಾಲಕ್ಕೆ ಇದೇ ಓಣಿಯ ಒಂದು ಕೋಣೆಯಲ್ಲಿ ಹುಲ್ಮನಿ ಮಾಸ್ತರರು ಭಾನುವಾರ ಕಲಾ ಇತಿಹಾಸ ಹೇಳುತ್ತಿದ್ದರು. ಎಲ್ಲಿಂದಲೋ ಎರವಲು ತಂದ ಸ್ಲೈಡ್ ಪ್ರೊಜೆಕ್ಟರು, ಪರದೆಗೆ ಮಾಸ್ತರರ ಮನೆಯ ದುಪ್ಪಟಿ. ಚಿತ್ರ ಮೂಡುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಆಗ ಮಾಸ್ತರರು ಸ್ಲೈಡನ್ನು ಕೈಯಲ್ಲಿ ಹಿಡಿದು ಅಂಗಳಕ್ಕೆ ಬರುತ್ತಿದ್ದರು. ಎಂಟು ಜನ ಸಾಲಾಗಿ ನಿಂತು, ಒಂದು ಕಣ್ಣು ಮುಚ್ಚಿ, ಬಿಸಿಲಿಗೆ ಹಿಡಿದ ಎರಡು ಅಂಗುಲದ ಅಜಂತಾವನ್ನು ಸರದಿಯ ಮೇಲೆ ನೋಡಬೇಕು. ತಾವರೆ ಹಿಡಿದ ಆ ಕೈಯನ್ನು ಕಾಸೀಮಸಾಬರು ಹಾಗೆ ನೋಡಿದ್ದು. ಆಮೇಲೆ ಮಾಸ್ತರರು ಎಲ್ಲರನ್ನೂ ಗುಡಿಗೆ ಕರೆದೊಯ್ದು, “ಕಣ್ಣಿಲೆ ನೋಡಿದ್ದು ಸಾಕು, ಕೈಲೆ ನೋಡ್ರಿ” ಎಂದು ಕಂಬಗಳನ್ನು ಮುಟ್ಟಿಸುತ್ತಿದ್ದರು. ಕಡೆದ ಕಲ್ಲು ಬೆಣ್ಣೆಯ ಹಾಗೆ ತಣ್ಣಗಿರುತ್ತಿತ್ತು.

ಗುಡಿಯ ಕಂಬಕ್ಕೆ ಕೈ ಇಟ್ಟು ಕಾಸೀಮಸಾಬರು ಸ್ವಲ್ಪ ಹೊತ್ತು ನಿಂತರು. ಮಾಸ್ತರರು ತೀರಿಕೊಂಡು ಬಹಳ ವರ್ಷವಾಗಿತ್ತು. ಫಲಿತಾಂಶದ ದಿನ ಅವರ ಮುಖ ನೋಡಲಾಗದೆ ತಪ್ಪಿಸಿಕೊಂಡು ಹೋದ ಕಾಸೀಮಸಾಬರು ಮತ್ತೆ ಅವರನ್ನು ಭೇಟಿಯಾಗಿರಲಿಲ್ಲ. ಅದೊಂದು ನೋವು ಅವರಲ್ಲಿ ಉಳಿದೇ ಇತ್ತು. ಎಲ್ಲ ಗೊತ್ತಿದ್ದೂ ಯಾಕೆ ಫೇಲಾದೆ ಎಂಬುದಕ್ಕೆ ಅವರು ತಮಗೆ ತಾವೇ ಹೇಳಿಕೊಂಡ ಉತ್ತರ ಒಂದೇ: ಆ ವರ್ಷದ ಪರೀಕ್ಷಕ ಸರಿ ಇರಲಿಲ್ಲ.

ಸುನೀಲಕುಮಾರ ಅಂಗಡಿಯಲ್ಲಿ ಬಣ್ಣದ ಡಬ್ಬಿ ಜೋಡಿಸುತ್ತಿದ್ದ. ಕಾಸೀಮಸಾಬರು ಹೆಸರು ಹೇಳುತ್ತಿದ್ದಂತೆ ಕೈಕೆಲಸ ಬಿಟ್ಟು ಎದ್ದು ನಿಂತ. “ನಿಮ್ಮ ಮಗಳೇ ಅಲ್ಲೇನ್ರಿ, ಮೂರು ಸಲ ಫೇಲ್ ಆಗಿದ್ದು? ಮುಂಜಾನಿಂದ ನನಗ ನಾಕು ಮಂದಿ ಕಳಿಸ್ಯಾರ. ಸ್ಟೂಡೆಂಟ್ ಗ್ರೂಪಿನಾಗೂ ಬಂದೈತಿ.”

“ಅಷ್ಟೇನಿಲ್ಲರಿ,” ಎಂದರು ಕಾಸೀಮಸಾಬರು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದದ್ದಾಗಿತ್ತು. ಈಗ ಅದು ಕೂತು ಊಟಕ್ಕೆ ಬಡಿಸು ಎನ್ನುತ್ತಿತ್ತು.

“ಇರಲಿ ಬಿಡ್ರಿ. ನಿಮ್ಮ ಪುಣ್ಯಾ, ಇವತ್ತು ರವಿವಾರ. ಬಸ್ ಸ್ಟ್ಯಾಂಡ್ ಹಿಂದ ಹಳದಿ ಕಟ್ಟಡ, ಮೂರನೇ ಮಹಡಿ. ಅಲ್ಲೊಬ್ರು ಮೇಡಂ ಕಲಾ ಇತಿಹಾಸ ಹೇಳ್ತಾರ. ಹೆಸರು ನನಗ ಗೊತ್ತಿಲ್ಲ, ಹುಡುಗ್ರು ಡ್ರಾಯಿಂಗ್ ಮೇಡಂ ಅಂತಾವು. ಹ್ವಾದ ವರ್ಷ ಹನ್ನೆರಡಕ್ಕ ಹನ್ನೆರಡೂ ಪಾಸು. ಮೂರೂ ತಾಲೂಕಿನಾಗ ಅಂಥವರು ಇನ್ನೊಬ್ರಿಲ್ಲ.”

ಹನ್ನೆರಡಕ್ಕೆ ಹನ್ನೆರಡು ಎಂಬ ಮಾತು ಕಾಸೀಮಸಾಬರ ಕಾಲಿಗೆ ಬಲ ಕೊಟ್ಟಿತು. ಇವರೊಬ್ಬರಿಗೆ ಮಾತ್ರ ನಿಜ ಹೇಳಿಬಿಡುತ್ತೇನೆ, ಗುರುವಿನ ಹತ್ತಿರ ಮುಚ್ಚುಮರೆ ಬೇಡ ಎಂದುಕೊಳ್ಳುತ್ತ ಮೆಟ್ಟಿಲು ಹತ್ತಿದರು. ಎರಡನೆಯ ಮಹಡಿಯಲ್ಲಿ ಹುಡುಗರ ಗುಂಪೊಂದು ಚೀಲ ಹೆಗಲಿಗೇರಿಸಿ ದಡದಡ ಇಳಿದು ಬಂತು.

“ನನಗ ಮೊದಲ ಅನುಮಾನ ಇತ್ತು,” ಎನ್ನುತ್ತಿದ್ದ ಅದರಲ್ಲೊಬ್ಬ.

“ಸುಮ್ನಿರೋ ಮೈಲೇಶ,” ಎಂದಳು ಅವನ ಹಿಂದಿನ ಹುಡುಗಿ. “ನನಗಂತೂ ನಂಬಿಕಿ ಬರವಲ್ದು. ಮೂರು ಸಲ ಫೇಲ್ ಆದೋರಿಗೆ ಹಿಂಗ ಹೇಳಾಕ ಬರ್ತೈತೇನು?”

“ಗ್ರೂಪಿನಾಗ ಅವರ ಅಪ್ಪನ ಹೇಳ್ಯಾರಂತ ಐತೆಲ್ಲ ಶ್ರೀದೇವಿ. ಅಪ್ಪ ಸುಳ್ಳು ಹೇಳ್ತಾನೇನು?”

ಕಾಸೀಮಸಾಬರಿಗೆ ಮಾತು ಕೇಳಿಸಿತು, ಅರ್ಥ ತಲೆಯವರೆಗೆ ಹತ್ತಲಿಲ್ಲ. ಅವರ ಲಕ್ಷ್ಯವೆಲ್ಲ ಮೂರನೆಯ ಮಹಡಿಯ ಮೇಲಿತ್ತು. ಹತ್ತಿ, ಉಸಿರು ಬಿಟ್ಟು, ಟೋಪಿ ಸರಿಮಾಡಿಕೊಂಡು ಬಾಗಿಲಲ್ಲಿ ನಿಂತರು.

ಹನ್ನೆರಡು ಖಾಲಿ ಕುರ್ಚಿಗಳು. ಗೋಡೆಯ ಮೇಲೆ ಅಜಂತಾ, ಬಾದಾಮಿ, ಹೆಸರು ಮರೆತ ಇಟಲಿಯವರು. ಮೇಜಿನ ಹಿಂದೆ ಮೊಬೈಲು ಹಿಡಿದು ಕೂತಿದ್ದವಳು ಸಾಜಿಯಾ.

ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬುದನ್ನು ಗಾದೆ ಎಂದೇ ಕಾಸೀಮಸಾಬರು ಇಷ್ಟು ದಿನ ತಿಳಿದಿದ್ದರು.

“ಬರ್ರಿ ಅಬ್ಬಾ,” ಎಂದಳು ಸಾಜಿಯಾ. ಕಣ್ಣು ಕೆಂಪಾಗಿದ್ದವು. “ಒಂದು ಮಾತು ಕೇಳ್ತೇನಿ. ನಾ ಯಾವಾಗ ಫೇಲ್ ಆದೆ?”

ಕಾಸೀಮಸಾಬರು ಹತ್ತಿರದ ಕುರ್ಚಿಯಲ್ಲಿ ಕುಸಿದರು. ಮೂವತ್ತೈದು ವರ್ಷ ಹೊತ್ತ ಭಾರ, ಇಳಿಸುವಾಗ ನಾಲ್ಕೇ ಮಾತಿನಷ್ಟಿತ್ತು. “ನೀ ಅಲ್ಲ ಬೇಟಿ. ನಾನು.”

ಉಳಿದದ್ದನ್ನೂ ಹೇಳಿದರು. ಇನ್ಸ್‌ಪೆಕ್ಟರು ಇಲ್ಲ, ಜೀಪು ಇಲ್ಲ, ಫಸ್ಟ್ ಕ್ಲಾಸೂ ಇಲ್ಲ. ಪರೀಕ್ಷಾ ಫೀ, ಟ್ರಂಕಿನ ಹಿಂದಿನ ಪುಸ್ತಕ, ಬಿಳಿ ಜುಬ್ಬಾ, ಒಂದು ಸಲ ಫೇಲು ದಾರಿಯಲ್ಲಿ ಮೂರಾದದ್ದು. ಸಾಜಿಯಾ ಮೊಬೈಲನ್ನು ಮೇಜಿನ ಮೇಲಿಟ್ಟಳು.

“ಆ ಜೀಪಿನ ಕಥಿ ಕೇಳೇ ನಾನು ಡ್ರಾಯಿಂಗಿಗೆ ಹೋದದ್ದು ಅಬ್ಬಾ,” ಎಂದಳು. “ನಮ್ಮ ಅಬ್ಬಾ ಬ್ಯಾಡ ಅಂತ ಬಿಟ್ಟ ನೌಕರಿ ನಾನರ ಮಾಡೂನು ಅಂತ.”

ಕಾಸೀಮಸಾಬರಿಗೆ ಅಳು ಬಂತು. ಮಗಳ ಮುಂದೆ ಅಳುವುದಕ್ಕೆ ನಾಚಿಕೆಯೂ ಆಯಿತು, ಆದರೂ ಅತ್ತರು. ಸಾಜಿಯಾ ನೀರಿನ ಬಾಟಲಿ ಕೊಟ್ಟಳು. ಆಮೇಲೆ ಅವಳಿಗೆ ನಗು ಬಂತು. ಜೀಪಿನ ಬಣ್ಣ ಒಮ್ಮೆ ಹಸಿರು, ಒಮ್ಮೆ ನೀಲಿ ಎಂದು ಹೇಳುತ್ತಿದ್ದಿರಿ, ನನಗಾಗಲೇ ಗೊತ್ತಾಗಬೇಕಿತ್ತು ಎಂದಳು. ನಗು ಮುಗಿದ ಮೇಲೆ ಟೀಚರಾದಳು.

“ನಿಮಗ ಹೇಳಿಕೊಡ್ತೇನಿ. ಆದ್ರ ನನ್ನ ಹುಡುಗ್ರು ವಾಪಸ್ ಬರಬೇಕು. ಐನೂರು ಮಂದಿ ಮುಂದ ನನ್ನ ಫೇಲ್ ಮಾಡೀರಿ. ಅಷ್ಟ ಮಂದಿ ಮುಂದ ನೀವ ಬರದು ಕೊಡಬೇಕು.”

ಕಪಾಟಿನಿಂದ ಒಂದು ಹಾರ್ಡ್‌ಬೋರ್ಡು, ಎರಡು ಬಣ್ಣ, ಒಂದು ಚಪ್ಪಟೆ ಬ್ರಶ್ಶು ಮೇಜಿನ ಮೇಲೆ ಬಂದವು. ಕಾಸೀಮಸಾಬರು ಮಗಳ ಮುಖ ನೋಡಿದರು. ಬೇರೆ ದಾರಿ ಇರಲಿಲ್ಲ. ಜುಬ್ಬಾದ ತೋಳು ಮಡಚಿದರು. ಮೇಲೊಂದು ಕೆಳಗೊಂದು ಗೆರೆ ಎಳೆದರು, ಅಕ್ಷರಗಳಿಗೆ ಜಾಗ ಅಳೆದರು. ಮೊದಲ ಎರಡಕ್ಷರವನ್ನು ಒರೆಸಿ ಮತ್ತೆ ಬರೆದರು. ಆಮೇಲೆ ಏನು ಬರೆಯುತ್ತಿದ್ದೇನೆ ಎಂಬುದು ಮರೆತು ಹೋಗಿ, ಹೇಗೆ ಬರೆಯುತ್ತಿದ್ದೇನೆ ಎಂಬುದಷ್ಟೇ ಉಳಿಯಿತು. ಬಹಳ ದಿನಗಳಿಂದ ಯಾರೂ ಕೈಬರಹದ ಇಷ್ಟು ಉದ್ದದ ಬೋರ್ಡು ಬರೆಸಿರಲಿಲ್ಲ.

‘ಕಲಾ ಇತಿಹಾಸದಲ್ಲಿ ಫೇಲಾದವರು ಸಾಜಿಯಾ ಮೇಡಂ ಅಲ್ಲ. ಅವರ ತಂದೆ ಪೇಂಟರ್ ಕಾಸೀಮಸಾಬ, ರಾಣೆಬೆನ್ನೂರು.’

ಬರೆದು ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು. “‘ಫೇಲಾದವರು’ ಅನ್ನೋದಕ್ಕ ಕೆಂಪು ನೆರಳು ಕೊಟ್ರ ಎದ್ದು ಕಾಣತೈತಿ,” ಎಂದರು.

“ಕೊಡ್ರಿ,” ಎಂದಳು ಸಾಜಿಯಾ.

ಬೋರ್ಡು ಮೆಟ್ಟಿಲ ಬುಡಕ್ಕೆ ಹೋಯಿತು, ಅದರ ಫೋಟೋ ಗ್ರೂಪಿಗೆ ಹೋಯಿತು. ಹತ್ತು ನಿಮಿಷದಲ್ಲಿ ರಫೀಕನ ಫೋನು ಬಂತು. “ಚಾಚಾ, ನೀವು ನಿಜ ಹೇಳಿದ್ರ ನಾ ಯಾರಿಗೂ ಹೇಳ್ತಿದ್ದಿಲ್ಲ,” ಎಂದ. ಸೋಮವ್ವನ ತಂಗಿಯ ನಾದಿನಿ, ಕಾಯಿಯನ್ನು ಈಗ ಯಾರ ಹೆಸರಿಗೆ ಒಡೆಸುವುದು ಎಂದು ಕೇಳಿ ಕಳಿಸಿದಳು. ಆಯಿಶಾಳಿಂದ ಒಂದೇ ಒಂದು ಸಂದೇಶ ಬಂದಿತ್ತು: ‘ಮನಿಗೆ ಬರ್ರಿ.’ ಅದನ್ನು ಕಾಸೀಮಸಾಬರು ಎರಡು ಸಲ ಓದಿ ಮೊಬೈಲನ್ನು ಬೋರಲು ಹಾಕಿದರು.

ಕೆಳಗೆ ಚಹಾದಂಗಡಿಯಲ್ಲಿದ್ದ ಹುಡುಗರು ಬೋರ್ಡು ಓದಿ ಒಬ್ಬೊಬ್ಬರಾಗಿ ಮೇಲೆ ಬಂದರು. ಶ್ರೀದೇವಿ ಮೊದಲು, ಮೈಲೇಶ ಕೊನೆಗೆ. “ಅಕ್ಷರ ಭಾರಿ ಬರದೀರಿ ಅಂಕಲ್,” ಎಂದ ಮೈಲೇಶ, ಬೇರೇನು ಹೇಳಬೇಕೋ ತಿಳಿಯದೆ. ಕಾಸೀಮಸಾಬರು ಕೊನೆಯ ಕುರ್ಚಿಯಲ್ಲಿ ಕೂತರು. ಮರ್ಯಾದೆ ಹೋಗಿತ್ತು. ಆದರೆ ಮೂವತ್ತೈದು ವರ್ಷದ ಮೇಲೆ ಅದೇ ಊರಿನಲ್ಲಿ, ಅದೇ ಭಾನುವಾರ, ಅದೇ ಪಾಠ. ಅವರಿಗೆ ಒಳಗೊಳಗೇ ಸಂತೋಷವಾಗಿತ್ತು. ಇನ್ನು ಪಾಸಾದರೆ ಸಾಕು.

“ಒಂದು ಸಣ್ಣ ಟೆಸ್ಟ್,” ಎಂದಳು ಸಾಜಿಯಾ. “ಅಜಂತಾದ ಚಿತ್ರಗಳ ಬಗ್ಗೆ ಒಂದು ಪುಟ ಬರೀರಿ. ಇಪ್ಪತ್ತು ನಿಮಿಷ.”

ಕಾಸೀಮಸಾಬರ ಮುಖ ಅರಳಿತು. ಅಜಂತಾ ಅವರಿಗೆ ಪುಸ್ತಕವಿಲ್ಲದೆ ಬರುತ್ತಿತ್ತು. ಗೋಡೆಗೆ ಗಾರೆ ಹಚ್ಚುವ ಬಗೆ, ಮಣ್ಣಿನ ಬಣ್ಣಗಳು, ತಾವರೆ ಹಿಡಿದ ಬೆರಳುಗಳ ಬಾಗು, ಹುಲ್ಮನಿ ಮಾಸ್ತರರ ಒಂದೊಂದು ಮಾತೂ ಕಣ್ಣ ಮುಂದೆ ಬಂತು. ಪೆನ್ನು ಹಿಡಿದು ಬಗ್ಗಿದವರು ತಲೆ ಎತ್ತಲಿಲ್ಲ. ಮೈಲೇಶ ಎರಡು ಪುಟ ಬರೆದ, ಶ್ರೀದೇವಿ ಮೂರನೆಯದಕ್ಕೆ ಹೋದಳು.

“ಟೈಮ್ ಆತು,” ಎಂದು ಸಾಜಿಯಾ ಹಾಳೆಗಳನ್ನು ಕೂಡಿಸುತ್ತ ಕೊನೆಯ ಕುರ್ಚಿಗೆ ಬಂದಳು. ತಂದೆಯ ಹಾಳೆ ಎತ್ತಿಕೊಂಡವಳು ಹಾಗೇ ನಿಂತಳು. ಹಾಳೆಯ ಮೇಲ್ಭಾಗದಲ್ಲಿ, ಎರಡು ಗೆರೆಗಳ ನಡುವೆ, ತುದಿಗಳಿಗೆ ಸಣ್ಣ ಸುರುಳಿ ಕೊಟ್ಟು, ಎಡಗಡೆ ನೆರಳು ಬಿಟ್ಟು, ‘ಅಜಂತಾ’ ಎಂದು ಬರೆದಿತ್ತು. ದೀರ್ಘದ ನೆರಳು ಇನ್ನೂ ಅರ್ಧ ಬಾಕಿ ಇತ್ತು. ಕೆಳಗೆ ಪುಟವೆಲ್ಲ ಬಿಳಿ.

ಸಾಜಿಯಾ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು. ಉಳಿದವರಿಗೆ ಕೇಳಿಸದಂತೆ, “ಅಬ್ಬಾ, ಅವತ್ತೂ ಹಿಂಗ ಆಗಿತ್ತೇನು?” ಎಂದಳು.

ಕಾಸೀಮಸಾಬರು ಹಾಳೆಯನ್ನು ನೋಡಿದರು. ಮೂವತ್ತೈದು ವರ್ಷ ಬೈದುಕೊಂಡು ಬಂದ ಪರೀಕ್ಷಕನ ಮೇಲಿನ ಸಿಟ್ಟು ಅಲ್ಲಿಗೆ ಇಳಿಯಿತು.

“ಹೆಡ್ಡಿಂಗ್ ಅವತ್ತೂ ಚಲೋ ಬಂದಿತ್ತು ಬೇಟಿ,” ಎಂದರು.